ನಮ್ಮನೆಯವರು ಗಾಲಿಬೂಟು ಪಳಗಿಸಿದ್ದು

ಐವತ್ತು ದಾಟಿದ ಮೇಲೆ ಕಾಲಿಗೆ ಗಾಲಿ ಕಟ್ಟಿಕೊಂಡು ಹಗ್ಗ ಮಾರಿದ ವ್ಯಾಪಾರಿ ದಾವಣಗೆರೆಯಲ್ಲಿ ಒಬ್ಬರೇ ಇದ್ದರು. ಹುಡುಕಿ ಹುಡುಕಿ ಅವರನ್ನೇ ನನಗೆ ಗಂಟು ಹಾಕಿದ್ದರು!

ಆ ಶನಿವಾರದ ಸಂಜೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಮಾಮೂಲಿ ಅಂದರೆ ಬೇರೆಯವರ ಮನೆಯ ಮಾಮೂಲಿ ಅಲ್ಲ, ನಮ್ಮ ಮನೆಯದು. ನಾನು ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮನೆಯವರು ಪಡಸಾಲೆಯ ಕಿಟಕಿ ಸರಳು ಹಿಡಿದುಕೊಂಡು ನಿಂತಿದ್ದರು. ಮೈಮೇಲೆ ಬನಿಯನ್ನು, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ, ಕಾಲಲ್ಲಿ ಮಗಳ ಹಾಕಿ ಆಟದ ಸ್ಕೇಟು. ಕಪ್ಪು ಬಣ್ಣದ, ಕಲ್ಲಿನಷ್ಟು ಗಟ್ಟಿ ಬೂಟು, ಅದರ ಅಡಿಯಲ್ಲಿ ಸಾಲಾಗಿ ಗಾಲಿಗಳು.

"ಏನೇ, ಟೀ ಕೊಡ್ತೀಯೇನು?" ಅಂದರು.

"ಬಂದು ತಗೊಳ್ರಿ," ಅಂದೆ.

"ಬರಾಕೆ ತೊಂದರೆ ಇಲ್ಲ. ನಿಲ್ಲಾಕೆ ಆಗಲ್ಲ. ಇದಕ್ಕೆ ಬ್ರೇಕ್ ಇಲ್ಲ."

"ಬ್ರೇಕ್ ಇಲ್ಲದ್ದನ್ನ ಯಾಕ ಕಟ್ಕೊಂಡ್ರಿ?"

"ನಿನ್ನ ಕಟ್ಕೊಳ್ಳುವಾಗ ಕೇಳಿದ್ನೇನು, ಬ್ರೇಕ್ ಐತೋ ಇಲ್ಲೋ ಅಂತ?"

ಬಂದರು. ಗೋಡೆ ಹಿಡಿದು, ಬಾಗಿಲು ಹಿಡಿದು, ಕೊನೆಗೆ ಹಿಡಿಯಲು ಏನೂ ಸಿಗದೆ ಫ್ರಿಜ್ಜನ್ನು ತಬ್ಬಿಕೊಂಡು ನಿಂತರು. ಅದರ ಮೇಲಿದ್ದ ಉಪ್ಪಿನಕಾಯಿ ಜಾಡಿ ಅಲುಗಾಡಿತು. ನಾನು ಬೈದೆ. ಅವರು ನಕ್ಕರು. ಫ್ರಿಜ್ಜನ್ನು ಬಿಡದೆಯೇ ಟೀ ಕುಡಿದು, ಮಂಡಕ್ಕಿಗೆ ಖಾರ ಸಾಲದು ಅಂದರು. ಅಷ್ಟೇ. ಆ ದಿನದಲ್ಲಿ ಇನ್ನೇನೂ ಇರಲಿಲ್ಲ. ಇನ್ನೇನಾದರೂ ಇತ್ತೇ ಎಂದು ಈಗಲೂ ಒಮ್ಮೊಮ್ಮೆ ಹುಡುಕುತ್ತೇನೆ, ಸಿಗುವುದಿಲ್ಲ.

ಒಬ್ಬ ಗೃಹಸ್ಥ ಮಗಳ ಸ್ಕೇಟು ಹಾಕಿಕೊಂಡು ಫ್ರಿಜ್ಜು ತಬ್ಬುವ ಗತಿ ಹೇಗೆ ಬಂತು? ಅದನ್ನು ಹೇಳಬೇಕಾದರೆ ಮೊದಲು ಅವರ ಹಗ್ಗದ ವಿಷಯ ಹೇಳಬೇಕು.

ಹಳೇ ಪೇಟೆಯಲ್ಲಿ ನಮ್ಮದು ಹಗ್ಗ ಮತ್ತು ತಾಡಪಾಲಿನ ಅಂಗಡಿ. ಮಾವನವರ ಕಾಲದ್ದು. ಹುಟ್ಟಿದಾಗಿನಿಂದ ಹಗ್ಗದ ಸುರುಳಿಗಳ ನಡುವೆ ಬೆಳೆದ ಈ ಮನುಷ್ಯನಿಗೆ ಬೇರೆಯವರು ಹಾಕಿದ ಗಂಟು ಕಂಡರೆ ಸಮಾಧಾನವಿಲ್ಲ. ಬಿಚ್ಚಬೇಕು, ತಾವೇ ಮತ್ತೆ ಹಾಕಬೇಕು. ಯಾರದ್ದೋ ಮದುವೆಗೆ ಹೋದರೆ ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ಇವರು ಶಾಮಿಯಾನದ ಕಂಬದ ಹತ್ತಿರ ನಿಂತು ಹಗ್ಗ ಬಿಚ್ಚುತ್ತಿರುತ್ತಾರೆ. ಶಾಮಿಯಾನ ಒಂದು ಕಡೆ ವಾಲುತ್ತದೆ, ಪಾಯಸ ಬಡಿಸುವವರು ಓಡುತ್ತಾರೆ! ನಮ್ಮ ಮದುವೆಯಲ್ಲಿ ತಾಳಿ ಕಟ್ಟಿ ಮುಗಿಸಿ, ಮೂರು ಗಂಟನ್ನೂ ಬೆರಳಲ್ಲಿ ಎಳೆದು ನೋಡಿ, "ಸ್ವಾಮಿಗಳೇ, ಇನ್ನೊಂದು ಹಾಕ್ಲಾ? ಜಾರಂಗೈತೆ," ಎಂದು ಕೇಳಿದವರು. ಸ್ವಾಮಿಗಳು ಮಂತ್ರ ಮರೆತರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಗೊಂದಲ ಅವತ್ತು ಶುರುವಾದದ್ದು.

ನಮಗೆ ಒಬ್ಬಳೇ ಮಗಳು, ಸಿಂಚನ. ಹೈಸ್ಕೂಲು. ನಿಜಲಿಂಗಪ್ಪ ಬಡಾವಣೆಯ ಕಡೆ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಜಾಗವೊಂದಿದೆ. ಅಲ್ಲಿಗೆ ಹೋಗಿ ಹೋಗಿ ಒಂದು ದಿನ ಬಂದು, "ಅಮ್ಮ, ನಾನು ರೋಲರ್ ಹಾಕಿ ಆಡ್ತೀನಿ," ಅಂದಳು. ಹಾಕಿ ಅಂದರೆ ಹುಲ್ಲಿನ ಮೇಲೆ ಓಡಿ ಆಡುವುದು ಅಂತ ನಾನು ತಿಳಿದಿದ್ದೆ. ಸ್ಕೇಟಿಂಗ್ ಅಂದರೆ ಗಾಲಿ ಮೇಲೆ ಜಾರುವುದು. ಎರಡರಲ್ಲಿ ಒಂದನ್ನು ಮಾಡಿದರೇ ಮಕ್ಕಳು ಮಂಡಿ ಒಡೆದುಕೊಂಡು ಬರುತ್ತಾರೆ, ಎರಡನ್ನೂ ಸೇರಿಸಿ ಕೈಗೆ ಕೋಲು ಬೇರೆ ಕೊಟ್ಟವರು ಯಾರು? ನಮ್ಮನೆಯವರಿಗೆ ಮಾತ್ರ ಇದು ಬಹಳ ಹಿಡಿಸಿತು. ಮಗಳು ಚೆನ್ನಾಗಿ ಆಡುತ್ತಾಳೆ, ಸಂಕ್ರಾಂತಿ ಆದ ಮೇಲೆ ಜಿಲ್ಲಾ ತಂಡದ ಆಯ್ಕೆ ಇದೆ, ಅದಕ್ಕೆ ಸರಿಯಾದ ಹಾಕಿ ಸ್ಕೇಟೇ ಬೇಕು ಅಂತ ಕೋಚ್ ಹೇಳಿದರು. ಇವರು ತರಿಸಿದರು.

ಪೆಟ್ಟಿಗೆ ಬಿಚ್ಚಿದ ದಿನ ಮನೆಯಲ್ಲಿ ಹಬ್ಬ. ಹಾಕಿಕೊಂಡು ಆಡಿ ಬಂದ ದಿನ ಸೂತಕ!

ಬೂಟು ಅಷ್ಟು ಗಟ್ಟಿ. ಹೆಬ್ಬೆರಳಿಂದ ಒತ್ತಿದರೆ ಹೆಬ್ಬೆರಳೇ ನೋಯುತ್ತಿತ್ತು. ಕಾಲು ಅಲುಗಾಡಬಾರದು ಅಂತ ಲೇಸನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದಾಗಲೆಲ್ಲ ಆ ಲೇಸು, ಅದರ ಅಡಿಯ ಪಟ್ಟಿಯಾದ ಬೂಟಿನ ನಾಲಿಗೆಯ ಸಮೇತ, ಪಾದ ಮತ್ತು ಕಾಲು ಸೇರುವ ಮಡಿಕೆಯಲ್ಲಿ ಒತ್ತುತ್ತದೆ. ಸಿಂಚನ ಸಾಕ್ಸ್ ಬಿಚ್ಚಿದಾಗ ಅಲ್ಲಿ ಅಡ್ಡಡ್ಡ ಕೆಂಪು ಗೆರೆಗಳು, ನಡುವೆ ಒಂದು ಬೋರೆಹಣ್ಣಿನಷ್ಟು ಊತ. ಸುತ್ತಲೂ ಬೆವರಿಗೆ ಗುಳ್ಳೆ ಎದ್ದು ಚರ್ಮ ಸುಲಿದಿತ್ತು. ಪಾದ ಮೇಲಕ್ಕೆತ್ತು ಅಂದರೆ "ಅವ್ವಾ!" ಅಂದಳು. ಅಮ್ಮ ಎನ್ನುವ ಹುಡುಗಿ ಅವ್ವಾ ಅಂದರೆ ನೋವು ನಿಜ ಅಂತ ಅರ್ಥ.

ಕೋಚ್ ನೋಡಿ, "ಇದಕ್ಕೆ ಲೇಸ್ ಬೈಟ್ ಅಂತಾರೆ ಮೇಡಂ, ಲೇಸು ಕಚ್ಚೋದು," ಅಂದರು. "ಹೊಸ ಬೂಟು ಹಂಗೇನೆ. ಹಾಕ್ಕೊಂಡು ಹಾಕ್ಕೊಂಡು ಮೆತ್ತಗಾಗಬೇಕು. ಆದ್ರೆ ಗಾಯ ಒಣಗೋ ತನಕ ಹಾಕಬ್ಯಾಡ್ರಿ."

ನಾನು ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಹಾಕಿಕೊಂಡರೆ ಗಾಯ ಒಣಗುವುದಿಲ್ಲ. ಹಾಕಿಕೊಳ್ಳದಿದ್ದರೆ ಬೂಟು ಮೆತ್ತಗಾಗುವುದಿಲ್ಲ. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂತಾರಲ್ಲ, ಹಾಗೆ! ಸಿಂಚನ ಮನೆಗೆ ಬಂದವಳೇ ಸ್ಕೇಟನ್ನು ಮೂಲೆಗೆ ಎಸೆದು, "ನಾ ಒಲ್ಲೆ. ಆಯ್ಕೆಗೂ ಹೋಗಲ್ಲ, ಆಟನೂ ಬ್ಯಾಡ," ಎಂದು ಬಾಗಿಲು ಹಾಕಿಕೊಂಡಳು. ಆಡದೆ ಇದ್ದ ಮೇಲೆ ಅವಳು ಸರಿಯಾಗಿ ಊಟ ಮಾಡಲಿಲ್ಲ, ಮಾತೂ ಆಡಲಿಲ್ಲ.

ನಮ್ಮನೆಯವರು ಆ ಸ್ಕೇಟನ್ನು ಮೂಲೆಯಿಂದ ಎತ್ತಿಕೊಂಡು ಬಂದು, ನನ್ನ ಕಣ್ಣೆದುರಿಗೇ ಅದರ ಹಿಮ್ಮಡಿಯನ್ನು ಕಚಕ್ಕನೆ ಕಚ್ಚಿದರು!

"ಏನ್ರೀ ಇದು!"

"ಸುಮ್ನಿರು. ಹೊಸ ಮೆಟ್ಟು ನಮ್ಮನ್ನ ಕಚ್ಚೋದಕ್ಕೆ ಮುಂಚೆ ನಾವು ಅದನ್ನ ಕಚ್ಚಬೇಕು. ಆಗ ಅದು ಹೆದರ್ತದೆ. ನಮ್ಮಪ್ಪ ಎಲ್ಲಾ ಚಪ್ಪಲಿಗೂ ಹಂಗೇ ಮಾಡ್ತಿದ್ದ."

"ಅದು ಈಗಾಗ್ಲೇ ಕಚ್ಚಿಬಿಟ್ಟೈತಲ್ರೀ."

"ಅದಕ್ಕೇ ಇನ್ನೊಂದನ್ನೂ ಕಚ್ಚೋದು," ಎಂದು ಇನ್ನೊಂದು ಬೂಟಿಗೂ ಬಾಯಿ ಹಾಕಿದರು. ಬೂಟು ಹೆದರಲಿಲ್ಲ. ಇವರ ಹಲ್ಲು ಎರಡು ದಿನ ಜುಮ್ಮೆನ್ನುತ್ತಿತ್ತು.

ಆಮೇಲೆ ಹರಳೆಣ್ಣೆ. ಬೂಟಿನ ನಾಲಿಗೆಗೆ ಒಳಗೂ ಹೊರಗೂ ಹಚ್ಚಿ ಬಿಸಿಲಿಗಿಟ್ಟರು. ನಾಲಿಗೆ ಸ್ವಲ್ಪ ಬಾಗಿದ್ದು ನಿಜ. ಆದರೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿ, ಸಿಂಚನ ಒಂದು ಸಲ ಕಾಲಿಟ್ಟು ನೋಡುವಷ್ಟರಲ್ಲಿ ಇದ್ದ ಗುಳ್ಳೆಗಳ ಜೊತೆಗೆ ಹೊಸ ಗುಳ್ಳೆಗಳು ಬಂದವು. ಅದನ್ನು ಸೀಗೆಪುಡಿ ಹಾಕಿ ಉಜ್ಜಿ ತೆಗೆಯುವ ಕೆಲಸ ನನ್ನದಾಯಿತು. ಸೀಗೆಪುಡಿಯಲ್ಲಿ ಸ್ಕೇಟಿಗೆ ಎಣ್ಣೆಸ್ನಾನ ಮಾಡಿಸಿದ ಮೊದಲ ಹೆಂಗಸು ನಾನೇ ಇರಬೇಕು.

ಅದೂ ಮುಗಿಯಿತು ಅನ್ನುವಷ್ಟರಲ್ಲಿ ಕಡಲೆ. ಯಾರೋ ಗಿರಾಕಿ ಹೇಳಿದನಂತೆ: ಪ್ಲಾಸ್ಟಿಕ್ ಚೀಲದಲ್ಲಿ ಕಡಲೆಕಾಳು, ನೀರು ತುಂಬಿ ಬೂಟಿನೊಳಗೆ ತುರುಕಿಟ್ಟರೆ ಕಾಳು ನೆನೆದು ಉಬ್ಬಿ ಬೂಟನ್ನು ಒಳಗಿನಿಂದ ಅಗಲ ಮಾಡುತ್ತದಂತೆ. ಡಬ್ಬಿಯಲ್ಲಿದ್ದ ಕಡಲೆಯೆಲ್ಲ ಬೂಟಿಗೆ ಹೋಯಿತು. ಕಾಳು ಉಬ್ಬಿತು, ಚೀಲ ಒಡೆಯಿತು, ಬೂಟು ಮಾತ್ರ ಇದ್ದಷ್ಟೇ ಇತ್ತು. ಮೂರನೇ ದಿನ ನೋಡಿದರೆ ಲೇಸಿನ ತೂತುಗಳಿಂದ ಬೆಳ್ಳಗೆ ಮೊಳಕೆ ಇಣುಕುತ್ತಿದೆ! ನಾನು ತಲೆ ಮೇಲೆ ಕೈಹೊತ್ತು ಕೂತೆ. ನಮ್ಮನೆಯವರು ಒಂದು ಮೊಳಕೆಯನ್ನು ಎಳೆದು ನೋಡಿ, ಬಹಳ ಯೋಚಿಸಿ, "ಸುಮ್ನೆ ಹಾಳಾಗ್ತಾವೆ. ಉಸುಳಿ ಮಾಡಿಬಿಡೇ," ಅಂದರು.

ಮಾಡಲಿಲ್ಲ. ಇದನ್ನು ಓದುವ ನೆಂಟರು ಯಾರಾದರೂ ಆ ವಾರ ನಮ್ಮ ಮನೆಗೆ ಬಂದಿದ್ದರೆ ದಯವಿಟ್ಟು ನಂಬಬೇಕು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಂಗಡಿಯ ತಕ್ಕಡಿ, ಕತ್ತರಿ, ಸ್ಕೂಟರು ಎಲ್ಲಕ್ಕೂ ಪೂಜೆ. ಸ್ಕೂಟರಿನ ಪಕ್ಕದಲ್ಲಿ ನೋಡಿದರೆ ಸ್ಕೇಟು, ವಿಭೂತಿ ಪಟ್ಟೆ ಬಳಿದುಕೊಂಡು ಕೂತಿದೆ.

"ರೀ, ಚಪ್ಪಲಿಗೆ ಯಾರಾದ್ರೂ ವಿಭೂತಿ ಹಚ್ತಾರೇನ್ರಿ?"

"ಇದು ಚಪ್ಪಲಿ ಅಲ್ಲ. ಗಾಲಿ ಐತೆ ನೋಡು. ಗಾಡಿ."

"ಗಾಡಿ ಆದ್ರೆ ಹೊರಗೆ ನಿಲ್ಸ್ರಿ. ಪಡಸಾಲೇಲಿ ಯಾಕ ಇಡ್ತೀರಿ?"

"ಕಾಲಿಗೆ ಹಾಕ್ಕೊಳ್ಳೋದನ್ನ ರೋಡಿನಾಗೆ ನಿಲ್ಸಿದ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ!"

ಬೇಕಾದಾಗ ಗಾಡಿ, ಬೇಕಾದಾಗ ಬೂಟು. ನಾನು ಗೊಂದಲದಲ್ಲಿ ನಿಂತಿರುವಾಗಲೇ ಅವರು ಗಾಲಿಗಳ ಅಡಿಗೆ ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ನಿಂಬೆಹಣ್ಣು ತುಳಿದು ಮುಂದೆ ಹೋಗಬೇಕಲ್ಲ? ಗಾಡಿ ನಡೆಸಬೇಕಾದವಳಿಗೆ ಕಾಲು ನೋವು. "ನಾನೇ ಹೋಗ್ತೀನಿ," ಎಂದು ಅಪ್ಪನೇ ಬೂಟಿಗೆ ಕಾಲು ತೂರಿಸಿ, ಕಾಂಪೌಂಡಿನ ಗೋಡೆ ಹಿಡಿದು ಎದ್ದು ನಿಂತರು. ಒಂದು ಹೆಜ್ಜೆ. ನಿಂಬೆಹಣ್ಣು ಹಾಗೆಯೇ ಉರುಳಿಕೊಂಡು ಪಕ್ಕಕ್ಕೆ ಹೋಯಿತು. ಹಿಂಡಿಹೋದವರು ನಮ್ಮನೆಯವರು! ಕುಂಬಳಕಾಯಿ ಪಕ್ಕದಲ್ಲಿ ಅಂಗಾತ ಬಿದ್ದಿದ್ದರು. ಓಡಿಹೋಗಿ ಎತ್ತಲು ನೋಡಿದರೆ ಅವರ ಮುಖದಲ್ಲಿ ನೋವಿಲ್ಲ, ಏನೋ ಹೊಳೆದ ಸಂತೋಷ.

"ಲೇ, ನೋಡೇ ಇಲ್ಲಿ! ನನ್ನ ಕಾಲಿಗೆ ಸರಿಯಾಗಿ ಕೂತೈತೆ!"

ನಿಜ. ಅವರದು ಗಂಡಸರಿಗೆ ಅಪರೂಪದ ಸಣ್ಣ ಪಾದ. ಚಪ್ಪಲಿ ಅಂಗಡಿಗೆ ಹೋದರೆ ಹೆಂಗಸರ ಸಾಲಿನಲ್ಲಿ ಹುಡುಕಬೇಕಾಗುತ್ತಿತ್ತು. ಅದು ಅವರಿಗೆ ಜೀವನದುದ್ದಕ್ಕೂ ಮುಜುಗರದ ವಿಷಯ. ಆವತ್ತು ಮೊದಲ ಸಲ, ಬಿದ್ದಲ್ಲಿಂದಲೇ, ಎರಡೂ ಪಾದಗಳನ್ನು ಮೇಲೆತ್ತಿ ಹೆಮ್ಮೆಯಿಂದ ನೋಡಿಕೊಂಡರು. ಸಿಂಚನ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ.

ಅವರ ಅಕ್ಕ ಹರಿಹರದಲ್ಲಿದ್ದಾರೆ. ತಮ್ಮನ ಮನೆಯಲ್ಲಿ ಯಾರಿಗೆ ಸೀನು ಬಂದರೂ ಅವರಿಗೆ ಗೊತ್ತಾಗಬೇಕು. ಗುಳ್ಳೆಗೆ ಮದ್ದು ಕೊಡುತ್ತೇನೆ, ಕೂಸನ್ನೂ ಆ ಬೂಟನ್ನೂ ಕರಕೊಂಡು ಬಾ ಅಂತ ಅಪ್ಪಣೆಯಾಯಿತು. ಬಸ್ಸು ಹತ್ತಿದೆವು. ನಮ್ಮನೆಯವರು ಸ್ಕೇಟುಗಳನ್ನು ಲೇಸಿನಿಂದ ಜೋಡಿಸಿ ಕೊರಳಿಗೆ ಹಾರದ ಹಾಗೆ ಹಾಕಿಕೊಂಡಿದ್ದರು. ಕಂಡಕ್ಟರ್ ಬಂದವನು ಗಾಲಿಗಳನ್ನೇ ನೋಡಿ, "ಏನ್ ಯಜಮಾನ್ರೇ, ಇದು ಗಾಡಿನೋ ಚಪ್ಪಲಿನೋ? ಗಾಡಿ ಆದ್ರೆ ಲಗೇಜ್ ಟಿಕೆಟ್ ಹರೀಬೇಕಾಗ್ತದೆ," ಅಂದ.

ನಮ್ಮನೆಯವರು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, "ಚಪ್ಪಲಿ ರೀ," ಅಂದರು.

ಹರಿಹರದ ಅಕ್ಕ ಗಾಯವನ್ನು ನೋಡಿದರು, ಬೂಟನ್ನು ನೋಡಿದರು. ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು ತಂದು ಮೊದಲು ಮಗಳಿಗೆ, ಆಮೇಲೆ ಬೂಟಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಮನೆಯನ್ನೆಲ್ಲ ಹಿಡಿದು ಎಲ್ಲರೂ ಕೆಮ್ಮಿದೆವು.

"ಕೂಸಿಗೆ ದೃಷ್ಟಿ ಸರಿ. ಬೂಟಿಗೆ ಯಾಕಕ್ಕಾ?" ಅಂದೆ.

"ಯಾರ ದೃಷ್ಟಿ ಯಾರಿಗೆ ತಾಗೈತೋ ಯಾರು ಕಂಡಾರು," ಅಂದರು. ಆಮೇಲೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಸಿಂಚನಳ ಕಾಲಿಗೆ ಮೆಲ್ಲಗೆ ಸವರಿ, ತಮ್ಮನ ಕಡೆ ತಿರುಗಿದರು. "ಅಲ್ಲೋ, ಹೆಣ್ಣು ಕೂಸಿನ ಕಾಲಿಗೆ ಇಂಥಾ ಕಬ್ಬಿಣ ಕಟ್ಟೀಯಲ್ಲ, ನಿನಗೆ ಬುದ್ಧಿ ಐತೇನೋ?"

"ಕಬ್ಬಿಣ ಮೆತ್ತಗೆ ಮಾಡ್ತೀನಿ ಬಿಡಕ್ಕ."

"ಹೆಂಗೆ?"

"ಯಾರಾದ್ರೂ ಹಾಕ್ಕೊಂಡು ಓಡಾಡಬೇಕು ಅಷ್ಟೇ. ಅವಳೇ ಹಾಕ್ಕೋಬೇಕು ಅಂತ ಎಲ್ಲೈತೆ?"

ಅಕ್ಕ ನನ್ನ ಕಡೆ ನೋಡಿದರು. ನಾನು ಅಕ್ಕನ ಕಡೆ ನೋಡಿದೆ. ಇಬ್ಬರಿಗೂ ಅರ್ಥವಾಗಲಿಲ್ಲ. ಸಿಂಚನಳಿಗೆ ಮಾತ್ರ ಆಯಿತು ಅಂತ ಕಾಣುತ್ತದೆ. ಕಣ್ಣರಳಿಸಿ, "ಅಪ್ಪಾ, ನೀ ಬೀಳ್ತೀಯ," ಅಂದಳು.

"ನಾ ಬಿದ್ರೆ ಎದ್ದೇಳ್ತೀನಿ. ನೀ ಬಿಟ್ರೆ ಮತ್ತೆ ಹಿಡಿಯಲ್ಲ," ಅಂದರು.

ಹಾಗೆ ಶುರುವಾಯಿತು. ಬೆಳಿಗ್ಗೆ ಪೇಪರ್ ಓದುವಾಗ ಸ್ಕೇಟು. ಸಂಜೆ ಟಿವಿ ಮುಂದೆ ಸ್ಕೇಟು. ಕೂತೇ ಇದ್ದರೆ ಮಡಿಕೆ ಬೀಳಲ್ಲ ಅಂತ ಮಂಡಿ ಬಗ್ಗಿಸಿ ಬಗ್ಗಿಸಿ ಏಳುತ್ತಿದ್ದರು. ಹೊಸದಾಗಿ ಬಂದ ಹಾಲಿನವನು ಇದೇನೋ ಹರಕೆ ಅಂತ ತಿಳಿದು ಕೈಮುಗಿದು ಹೋದ. ಮನೆಯಲ್ಲಿ ಸಾಲದು ಅಂತ ಅಂಗಡಿಗೂ ತೆಗೆದುಕೊಂಡು ಹೋದರು. ಗಲ್ಲಾ ಪೆಟ್ಟಿಗೆಯ ಹಿಂದೆ ಹಾಕಿಕೊಂಡು ಕೂತರೆ ಯಾರಿಗೂ ಕಾಣಲ್ಲ ಅಂತ ಅವರ ಲೆಕ್ಕ. ಆದರೆ ಹಗ್ಗದ ಗಿರಾಕಿ ಬಂದರೆ ಏಳಲೇಬೇಕಲ್ಲ?

ಒಂದು ದಿನ ಆನಗೋಡಿನ ರೈತನೊಬ್ಬ ಉದ್ದ ಹಗ್ಗ ಬೇಕು ಅಂತ ಬಂದ. ಅಳೆಯುವಾಗ ಒಂದು ತುದಿ ಗಿರಾಕಿಯ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಇವರು ಹಿಂದೆ ಹಿಂದೆ ನಡೆಯುವುದು ವಾಡಿಕೆ. ವಾಡಿಕೆಯಂತೆ ಹಿಂದೆ ಹೋದರು. ಅಂಗಡಿಯ ಮುಂದೆ ಮೋರಿಯ ತನಕ ಸಣ್ಣ ಇಳಿಜಾರು ಇದೆ. ಹೋದರು, ಹೋದರು, ಹೋಗುತ್ತಲೇ ಇದ್ದರು! ಹಗ್ಗದ ಸುರುಳಿ ಗಿರಗಿರ ಬಿಚ್ಚಿಕೊಳ್ಳುತ್ತಿದೆ, ರೈತ ಬಾಯಿ ತೆರೆದು ತುದಿ ಹಿಡಿದು ನಿಂತಿದ್ದಾನೆ. ಪಕ್ಕದ ಬೀಗದ ಅಂಗಡಿಯ ರಹಮತ್ ಸಾಹೇಬರು ಹಾರಿ ಬಂದು ಸೊಂಟ ಹಿಡಿದು ನಿಲ್ಲಿಸಿದರಂತೆ. ನಿಲ್ಲಿಸಿ, ಆ ರೈತನಿಗೆ ಕೂಗಿ ಹೇಳಿದರಂತೆ: "ಇಲ್ಲಿ ತನಕ ಬಂತ್ರಿ ಅಳತೆ! ಸಾಕಾ, ಇನ್ನೂ ಬಿಡ್ಲಾ?"

ರಹಮತ್ ಸಾಹೇಬರು ಸಂಜೆ ಮನೆಗೇ ಬಂದರು. "ಭಾಬಿ, ಈ ಉಮರ್‌ನಾಗೆ ಇದೆಲ್ಲಾ ಯಾಕ್ರಿ? ನಾ ಬೀಗ ಕೊಡ್ತೀನಿ, ಬೂಟು ಪೆಟ್ಟಿಗೇಲಿಟ್ಟು ಹಾಕಿಬಿಡ್ರಿ."

"ಚಾವಿ ನಿಮ್ಮ ದೋಸ್ತ್ ಕೈಗೇ ಕೊಡ್ತೀರಿ, ನನಗೆ ಗೊತ್ತಿಲ್ಲೇನು?" ಅಂದೆ.

"ಅದೂ ಹೌದು ಬಿಡ್ರಿ," ಅಂದರು ಸಾಹೇಬರು.

ಲೇಸು ಕಟ್ಟುವ ಕ್ರಮವನ್ನೂ ಬದಲಾಯಿಸಿದರು. ಎಷ್ಟೆಂದರೂ ಹಗ್ಗದವರು. ಕಾಲು ಮಡಿಚುವ ಜಾಗದಲ್ಲಿ ಒಂದು ಜೊತೆ ತೂತನ್ನು ಖಾಲಿ ಬಿಟ್ಟು, ಅಲ್ಲಿ ಅಡ್ಡ ಒತ್ತದ ಹಾಗೆ ಲೇಸನ್ನು ಪಕ್ಕದಲ್ಲೇ ಮೇಲಕ್ಕೆ ಒಯ್ದು, ಮೇಲೆ ಬಿಗಿ, ನಡುವೆ ಸಡಿಲ. ನಾಲಿಗೆಯ ಹಿಂದೆ ನನ್ನ ಹಳೆಯ ಹತ್ತಿ ಸೀರೆಯ ತುಂಡನ್ನು ಮಡಿಸಿ ಹೊಲಿದರು. ಸಿಂಚನ ಕೆಲವು ನಿಮಿಷ ಹಾಕಿಕೊಂಡು, "ಈಗ ಎಡಗಾಲಿಗೆ ಅಷ್ಟು ಒತ್ತಲ್ಲ ಅಪ್ಪಾ," ಅನ್ನುತ್ತಿದ್ದಳು. ಅವರು ತಕ್ಷಣ ಬಲಗಾಲಿನ ಬೂಟು ಹಿಡಿದು ಕೂರುತ್ತಿದ್ದರು. ಅವಳ ಗುಳ್ಳೆ ಬತ್ತಿತು. ಊತ ಇಳಿಯತೊಡಗಿತು. ಬೂಟು ದಿನದಿಂದ ದಿನಕ್ಕೆ ಮೆತ್ತಗಾಯಿತು.

ಒಂದು ವಿಷಯ ಮಾತ್ರ ನನಗೆ ತಿಳಿಯಲಿಲ್ಲ. ಆ ದಿನಗಳಲ್ಲಿ ನಮ್ಮನೆಯವರು ಮನೆಯೊಳಗೆ ಯಾವಾಗಲೂ ಸಾಕ್ಸ್ ಹಾಕಿಕೊಂಡೇ ಇರುತ್ತಿದ್ದರು. ಪಂಚೆಗೆ ಸಾಕ್ಸು! ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಕೇಳಿದರೆ "ಚಳಿ," ಅಂದರು. ದಾವಣಗೆರೆಯಲ್ಲಿ ಚಳಿಯೇ? ಇನ್ನೊಮ್ಮೆ ಕೇಳಿದರೆ "ಫ್ಯಾಷನ್," ಅಂದರು. ನಾನು ಬಿಟ್ಟೆ. ಅವರ ಎಲ್ಲದಕ್ಕೂ ಕಾರಣ ಹುಡುಕುತ್ತಾ ಕೂತರೆ ನನಗೆ ಸಂಸಾರ ಮಾಡಲು ಹೊತ್ತು ಎಲ್ಲಿ?

ಫ್ರಿಜ್ಜು ತಬ್ಬಿ ಟೀ ಕುಡಿದ ಆ ಶನಿವಾರದ ಮರುದಿನ, ಭಾನುವಾರ, ಅಂಗಡಿಗೆ ಲೋಡು ಬರುತ್ತದೆ ಅಂತ ಬೆಳಿಗ್ಗೆ ಬೇಗ ಹೋದರು. ಶಟರ್ ಎತ್ತಿ, ಅರ್ಧಕ್ಕೆ ನಿಲ್ಲಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತರಂತೆ. ಎದೆ ಹಿಡಿದುಕೊಂಡರಂತೆ. ರಹಮತ್ ಸಾಹೇಬರು ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋದರು. ದಾರಿಯಲ್ಲೇ ಮುಗಿಯಿತು. ನನಗೆ ಫೋನು ಬಂದಾಗ ನಾನು ಹಿಂದಿನ ದಿನ ಖಾರ ಸಾಲದು ಅಂದರಲ್ಲ ಅಂತ ಮೆಣಸಿನಕಾಯಿ ಜಾಸ್ತಿ ಹಾಕಿ ಚಟ್ನಿ ರುಬ್ಬುತ್ತಿದ್ದೆ. ಸಾಹೇಬರು ಹೇಳಿದ್ದು ಕೇಳಿಸಿತು. ಅರ್ಥವಾಗಲಿಲ್ಲ. ಮಿಕ್ಸಿ ನಿಲ್ಲಿಸಿ, "ಏನಂದ್ರಿ?" ಅಂದೆ. ಅವರು ಮತ್ತೆ ಹೇಳಿದರು. ಆಗಲೂ ಅರ್ಥವಾಗಲಿಲ್ಲ.

ಮನೆ ತುಂಬ ಜನ ಬಂದರು. ಕೊನೆಯ ನೀರು ಹಾಕಲು ಅವರನ್ನು ಅಂಗಳದಲ್ಲಿ ಕೂರಿಸಿದಾಗ ಅವರ ದೊಡ್ಡಪ್ಪನ ಮಗ ಸಾಕ್ಸ್ ಎಳೆದು ತೆಗೆದರು. ತೆಗೆದವರು ಹಾಗೆಯೇ ನಿಂತುಬಿಟ್ಟರು.

"ಇದೇನ್ರಿ ಇದು? ಕಾಲಿಗೆ ಹಗ್ಗ ಕಟ್ಟಿದಂಗೆ ಐತಲ್ಲ?"

ಎರಡೂ ಕಾಲಿನ ಮುಂಭಾಗದಲ್ಲಿ, ಪಾದ ಮಡಿಚುವ ಜಾಗದಲ್ಲಿ, ಅಡ್ಡಡ್ಡ ಗೆರೆಗಳು. ಕೆಲವು ಕಪ್ಪಗೆ ಒಣಗಿದ್ದವು. ಕೆಲವು ಇನ್ನೂ ಕೆಂಪಗೆ ಹಸಿಯಾಗಿದ್ದವು. ಸುತ್ತ ಚರ್ಮ ಸುಲಿದಿತ್ತು. ಹಗ್ಗದ ವ್ಯಾಪಾರಿಯ ಕಾಲಿಗೆ ಹಗ್ಗದ ಗುರುತು! ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಯಾರೋ "ಯಾರು ಕಟ್ಟಿದ್ದು?" ಅಂದರು. ನಾನೂ ಆಗಲೇ ಮೊದಲ ಸಲ ನೋಡುತ್ತಿದ್ದೆ.

ಸಿಂಚನ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅಪ್ಪನ ಪಾದದ ಹತ್ತಿರ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅದು ಹಗ್ಗ ಅಲ್ಲ. ಲೇಸು. ನನ್ನ ಸ್ಕೇಟಿಂದು."

ಹರಿಹರದ ಅಕ್ಕ ಎದ್ದು ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಕೊಬ್ಬರಿ ಎಣ್ಣೆ, ಅರಿಶಿನ ಇತ್ತು. ಇನ್ನು ಅದರಿಂದ ಏನು ಉಪಯೋಗ ಅಂತ ಯಾರೂ ಕೇಳಲಿಲ್ಲ. ಅಕ್ಕ ತಮ್ಮನ ಎರಡೂ ಕಾಲಿಗೆ ಮೆಲ್ಲಗೆ ಸವರಿದರು. ನೋಯುತ್ತದೇನೋ ಅನ್ನುವ ಹಾಗೆ.

ಅದಾದ ಮೇಲೆ ಸ್ಕೇಟುಗಳು ಅಟ್ಟದ ಮೇಲೆ ಹೋದವು. ಸಿಂಚನ ಅವನ್ನು ನೋಡಲೂ ಇಲ್ಲ. ನಾನು ಹೇಳಲೂ ಇಲ್ಲ. ಹಾಕಿಕೋ ಅಂದರೆ ತಪ್ಪೋ, ಬಿಟ್ಟುಬಿಡು ಅಂದರೆ ತಪ್ಪೋ, ನನಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಅವರು ಗೊಂದಲ ಎಬ್ಬಿಸುತ್ತಿದ್ದರು, ನಾನು ಬೈಯುತ್ತಿದ್ದೆ, ಹೇಗೋ ದಾರಿ ಸಿಗುತ್ತಿತ್ತು. ಈಗ ಮನೆ ಶಾಂತವಾಗಿದೆ. ನೆಲದ ಮೇಲೆ ಎಲ್ಲೂ ಗಾಲಿ ಗೆರೆಯಿಲ್ಲ. ದಾರಿ ಮಾತ್ರ ತಿಳಿಯುವುದಿಲ್ಲ.

ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವ ಹಾಗಿರಲಿಲ್ಲ. ಅಕ್ಕ ಮಾತ್ರ ಹರಿಹರದಿಂದ ಬಂದಿದ್ದರು. ಅಟ್ಟದ ಕಡೆ ನೋಡಿ, ಕುರ್ಚಿ ಎಳೆದು, ಆ ವಯಸ್ಸಿನಲ್ಲಿ ತಾವೇ ಹತ್ತಿ ಸ್ಕೇಟು ಇಳಿಸಿದರು. ಸೆರಗಿನಿಂದ ಧೂಳು ಒರೆಸಿದರು. ಸಿಂಚನಳ ಮುಂದೆ ಇಟ್ಟರು.

"ಹಾಕ್ಕೊಳವ್ವ."

"ಬ್ಯಾಡ ಅತ್ತೆ. ಇದರಿಂದ್ಲೇ ಅಪ್ಪಂಗೆ ಗಾಯ ಆತು."

"ಆತು. ಇಲ್ಲ ಅನ್ನಲ್ಲ. ಆದ್ರೆ ಅವನು ಗಾಯ ಮಾಡ್ಕೊಂಡಿದ್ದು ಇದು ಅಟ್ಟದ ಮ್ಯಾಲೆ ಕೂಡ್ಲಿ ಅಂತ ಅಲ್ಲವ್ವ."

ಸಿಂಚನ ಬೂಟಿನ ನಾಲಿಗೆಯ ಹಿಂದೆ ಅಪ್ಪ ಹೊಲಿದ ಸೀರೆಯ ತುಂಡನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಒಂದು ಕಾಲು ಚಾಚಿದಳು.

ಆಯ್ಕೆಯ ದಿನ ನಾನೂ ಹೋಗಿದ್ದೆ. ಆ ಆಟ ನನಗೆ ಇನ್ನೂ ಅರ್ಥವಾಗುವುದಿಲ್ಲ. ಯಾರು ಯಾರ ಕಡೆ, ಯಾವಾಗ ಸೀಟಿ ಊದುತ್ತಾರೆ, ಯಾಕೆ ಊದುತ್ತಾರೆ, ಒಂದೂ ತಿಳಿಯಲಿಲ್ಲ. ಹತ್ತಿರ ಕೂತ ಅಪ್ಪಂದಿರು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಒಂದು ಸಲ ಎದುರು ತಂಡಕ್ಕೂ ತಟ್ಟಿದೆನಂತೆ. ನಾನು ಚೆಂಡಿನ ಕಡೆ ನೋಡುತ್ತಿರಲಿಲ್ಲ. ಅವಳ ಕಾಲಿನ ಕಡೆ ನೋಡುತ್ತಿದ್ದೆ. ಅವಳು ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ. ಅವಳು ಒಮ್ಮೆಯೂ ಮುಖ ಕಿವುಚಲಿಲ್ಲ.

ಸಂಜೆ ಹೆಸರು ಓದಿದರು. ಅವಳ ಹೆಸರು ಇತ್ತು.

ಓಡಿ, ಅಲ್ಲ, ಉರುಳಿ ಬಂದು ನನ್ನ ಪಕ್ಕ ಕೂತಳು. ಲೇಸು ಬಿಚ್ಚಿ, ಸಾಕ್ಸ್ ಎಳೆದು, ಎರಡೂ ಕಾಲನ್ನು ನನ್ನ ತೊಡೆಯ ಮೇಲೆ ಚಾಚಿದಳು. ನಾನು ಬೆಳಕಿಗೆ ಹಿಡಿದು ನೋಡಿದೆ. ಬೆರಳಿಂದ ಒತ್ತಿ ನೋಡಿದೆ. ಗೆರೆಯಿಲ್ಲ, ಊತವಿಲ್ಲ, ಒಂದು ಗುಳ್ಳೆಯೂ ಇಲ್ಲ. ಬೆವರಿದ ಬರೀ ಕಾಲು.

"ಏನಮ್ಮ ಹುಡುಕ್ತಿದೀಯ?"

"ನೋವು ಐತೇನೇ?"

"ಇಲ್ಲಮ್ಮ. ಸ್ವಲ್ಪಾನೂ ಇಲ್ಲ."

ಸುತ್ತಲೂ ಮಕ್ಕಳು ಕೂಗುತ್ತಿದ್ದರು. ಅಪ್ಪಂದಿರು ಫೋಟೋ ತೆಗೆಯುತ್ತಿದ್ದರು. ನಾವಿಬ್ಬರೂ ಆ ಕಾಲುಗಳನ್ನೇ ನೋಡುತ್ತ ಕೂತೆವು. ಇದನ್ನು ನೋಡಬೇಕಾಗಿದ್ದವರು ಇಲ್ಲ.